ಶನಿವಾರವಾಡೆ: ಅರಮನೆಯೊಳಗಿನ ಕೊಲೆ ಮತ್ತು ಉಳಿದುಬಂದ ಕೂಗು

ಪುಣೆಯ ಕಸಬಾ ಪೇಟೆಯ ಅಂಚಿನಲ್ಲಿ, ಮುಠಾ ನದಿಗೆ ಸಮೀಪವಾಗಿ, ಎತ್ತರದ ಕೋಟೆಗೋಡೆಗಳ ನಡುವೆ ತಳಪಾಯಗಳಷ್ಟೇ ಉಳಿದಿರುವ ಶನಿವಾರವಾಡೆಯು 18ನೆಯ ಶತಮಾನದಲ್ಲಿ ಭಾರತದ ಬಹುಭಾಗದ ರಾಜಕಾರಣವನ್ನು ನಿರ್ಧರಿಸಿದ ಕಟ್ಟಡವಾಗಿತ್ತು. ಸಾತಾರೆಯ ಛತ್ರಪತಿಗಳ ಪ್ರಧಾನಮಂತ್ರಿಗಳಾಗಿದ್ದು, ಕಾಲಕ್ರಮದಲ್ಲಿ ಮರಾಠಾ ರಾಜ್ಯದ ನಿಜವಾದ ಒಡೆಯರಾಗಿ ಬೆಳೆದ ಪೇಶ್ವೆಗಳು ಇಲ್ಲಿಯೇ ವಾಸಿಸುತ್ತಿದ್ದರು, ಇಲ್ಲಿಯೇ ದರ್ಬಾರು ನಡೆಸುತ್ತಿದ್ದರು, ಪತ್ರಾಗಾರ, ಖಜಾನೆ, ದಫ್ತರುಗಳೆಲ್ಲವೂ ಇದೇ ಆವರಣದಲ್ಲಿದ್ದವು. ವಾಡೆ ಎಂದರೆ ಒಳಚೌಕಗಳ ಸುತ್ತ ಕಟ್ಟಿದ ದೊಡ್ಡಮನೆ. ಉತ್ತರ ಕರ್ನಾಟಕದ ದೇಸಗತಿ ವಾಡೆಗಳನ್ನು ಕಂಡವರಿಗೆ ಈ ವಿನ್ಯಾಸ ಅಪರಿಚಿತವಲ್ಲ. ಆದರೆ ಇಂದು ಈ ಸ್ಥಳದ ಹೆಸರನ್ನು ಕೇಳಿದೊಡನೆ ಬಹಳ ಜನರಿಗೆ ನೆನಪಾಗುವುದು ದರ್ಬಾರಲ್ಲ, ದಂಡಯಾತ್ರೆಗಳಲ್ಲ, ಒಂದು ಪ್ರೇತದ ಕಥೆ. ಹುಣ್ಣಿಮೆಯ ರಾತ್ರಿಗಳಲ್ಲಿ ವಾಡೆಯೊಳಗಿಂದ ‘ಕಾಕಾ, ಮಲಾ ವಾಚವಾ’ ಎಂಬ ಕೂಗು ಕೇಳಿಬರುತ್ತದೆಂದೂ, ಅದು ಹದಿನೆಂಟು ವರ್ಷದ ಪೇಶ್ವೆ ನಾರಾಯಣರಾಯನು ತನ್ನನ್ನು ಉಳಿಸಿಕೊಳ್ಳುವಂತೆ ಚಿಕ್ಕಪ್ಪನನ್ನು ಬೇಡಿಕೊಂಡ ಕೊನೆಯ ಮಾತೆಂದೂ ಪುಣೆಯ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಈ ಕಥೆಯ ಹಿಂದಿರುವ ಕೊಲೆ 1773ರ ಆಗಸ್ಟ್ 30ರಂದು ನಡೆದದ್ದು ನಿಶ್ಚಿತವಾದ ಸಂಗತಿ. ಅದರ ಪರಿಣಾಮಗಳು ಪುಣೆಯಿಂದ ತುಂಗಭದ್ರೆಯ ದಕ್ಷಿಣದವರೆಗೆ, ಮುಂಬಯಿಯ ಇಂಗ್ಲಿಷ್ ಕೋಠಿಯಿಂದ ಕಲ್ಕತ್ತದವರೆಗೆ ಹರಡಿದ್ದೂ ಅಷ್ಟೇ ನಿಶ್ಚಿತ. ಐತಿಹ್ಯವು ಆ ಘಟನೆಯಿಂದ ಒಂದು ಧ್ವನಿಯನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಬಿಟ್ಟಿತು. ಯಾವುದನ್ನು ಆರಿಸಿತು, ಯಾವುದನ್ನು ಬಿಟ್ಟಿತು ಎಂಬುದನ್ನು ನೋಡದೆ ಈ ಕಟ್ಟಡದ ಚರಿತ್ರೆ ಪೂರ್ತಿಯಾಗುವುದಿಲ್ಲ.

ವಾಡೆಗೆ ಅಡಿಗಲ್ಲು ಬಿದ್ದದ್ದು 1730ರ ಜನವರಿ 10ರಂದು, ಶನಿವಾರ. ಗೃಹಪ್ರವೇಶ ನಡೆದದ್ದು 1732ರ ಜನವರಿ 22ರಂದು, ಅದೂ ಶನಿವಾರ. ಹೆಸರು ಬಂದದ್ದು ಹೀಗೆ. ಕಟ್ಟಿಸಿದವನು ಒಂದನೆಯ ಬಾಜೀರಾಯ. ಜುನ್ನರಿನ ಕಾಡುಗಳಿಂದ ತೇಗದ ಮರ, ಚಿಂಚವಡದ ಗಣಿಗಳಿಂದ ಕಲ್ಲು, ಜೇಜುರಿಯಿಂದ ಸುಣ್ಣ ತರಿಸಿ ಮಾಡಿದ ಈ ಕೆಲಸಕ್ಕೆ ತಗಲಿದ ವೆಚ್ಚ 16,110 ರೂಪಾಯಿ ಎಂಬ ಲೆಕ್ಕ ಪ್ರಸಿದ್ಧವಾಗಿದೆ. ಆಮೇಲೆ ಬಾಜೀರಾಯನ ಮಗ ನಾನಾಸಾಹೇಬನ ಕಾಲದಲ್ಲಿ ಸುತ್ತಲಿನ ಕೋಟೆಗೋಡೆ, ಬುರುಜು, ಮಹಲು, ಕಾರಂಜಿಗಳು ಸೇರಿಕೊಂಡು ಮನೆ ಅರಮನೆಯಾಯಿತು. ಗೋಡೆಯ ಕೆಳಭಾಗ ಕಲ್ಲಿನದು, ಮೇಲ್ಭಾಗ ಇಟ್ಟಿಗೆಯದು. ಕಲ್ಲಿನ ಕೋಟೆ ಕಟ್ಟಿಸುವ ಅಧಿಕಾರ ಅರಸನಿಗಲ್ಲದೆ ಮಂತ್ರಿಗಿಲ್ಲವೆಂದು ಸಾತಾರೆಯಲ್ಲಿ ಆಕ್ಷೇಪ ಎದ್ದುದರಿಂದ ಮೇಲಿನ ಭಾಗವನ್ನು ಇಟ್ಟಿಗೆಯಲ್ಲೇ ಮುಗಿಸಬೇಕಾಯಿತೆಂದು ಇದಕ್ಕೆ ಕಾರಣ ಹೇಳುತ್ತಾರೆ. ಐದು ಬಾಗಿಲುಗಳಲ್ಲಿ ಉತ್ತರಕ್ಕೆ ಮುಖಮಾಡಿದ ದಿಲ್ಲಿ ದರವಾಜೆ ಮುಖ್ಯವಾದುದು. ಆನೆಗಳು ಢಿಕ್ಕಿ ಹೊಡೆದು ಮುರಿಯದಂತೆ ಅದರ ಹಲಗೆಗಳಿಗೆ ಬಲಿಷ್ಠವಾದ ಕಬ್ಬಿಣದ ಮೊಳೆಗಳನ್ನು ಜಡಿಯಲಾಗಿದೆ. ಉಳಿದವು ಮಸ್ತಾನಿ ದರವಾಜೆ, ಖಿಡಕಿ ದರವಾಜೆ, ಗಣೇಶ ದರವಾಜೆ, ದಕ್ಷಿಣದ ಜಾಂಭುಳ ದರವಾಜೆ. ಈ ಕೊನೆಯದಕ್ಕೆ ನಾರಾಯಣ ದರವಾಜೆ ಎಂಬ ಇನ್ನೊಂದು ಹೆಸರು ಬಂದ ಬಗೆ ಮುಂದೆ ತಿಳಿಯುತ್ತದೆ.

ಸ್ಥಳದ ಆಯ್ಕೆಯ ಬಗೆಗೂ ಒಂದು ಐತಿಹ್ಯವಿದೆ. ಬಾಜೀರಾಯನು ಇಲ್ಲಿ ಮೊಲವೊಂದು ನಾಯಿಯನ್ನು ಅಟ್ಟಿಸಿಕೊಂಡು ಹೋಗುವುದನ್ನು ಕಂಡು, ಇದು ಗಂಡುನೆಲವೆಂದು ಬಗೆದು, ಮನೆ ಕಟ್ಟಲು ನಿಶ್ಚಯಿಸಿದನಂತೆ. ವಿಜಯನಗರದ ಸ್ಥಾಪನೆಯ ಬಗ್ಗೆ ಹಂಪೆಯಲ್ಲಿ ಹೇಳುವ ಕಥೆಯನ್ನು ಬಲ್ಲ ಕನ್ನಡಿಗರಿಗೆ ಇದು ಅದೇ ಕಥೆಯೆಂದು ತಕ್ಷಣ ತೋರುತ್ತದೆ. ದಕ್ಖನದ ಹಲವು ಊರು ಕೋಟೆಗಳ ಹುಟ್ಟಿಗೆ ಅಂಟಿಕೊಂಡ ಈ ಮೊಲದ ಕಥೆ ಆ ನೆಲದಲ್ಲಿ ಹುಟ್ಟುವ ಅಧಿಕಾರಕ್ಕೆ ಮೊದಲೇ ಮುದ್ರೆ ಒತ್ತುವ ರೀತಿಯದು. ಕಟ್ಟಡವೊಂದರ ಆದಿಗೆ ಶುಭಶಕುನದ ಐತಿಹ್ಯವೂ ಅಂತ್ಯಕ್ಕೆ ಪ್ರೇತದ ಐತಿಹ್ಯವೂ ದೊರೆತಿರುವಾಗ, ಎರಡನೆಯದನ್ನು ಮಾತ್ರ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಾದ ವಿಧಾನವಲ್ಲ.

ಕೊಲೆಯ ಬೇರು ಪಾಣಿಪತದಲ್ಲಿದೆ. 1761ರ ಜನವರಿ 14ರ ಆ ಯುದ್ಧದಲ್ಲಿ ನಾನಾಸಾಹೇಬನ ಹಿರಿಯ ಮಗ ವಿಶ್ವಾಸರಾಯನೂ ದಾಯಾದಿ ಸಹೋದರ ಸದಾಶಿವರಾವ್ ಭಾವೂ ಅಳಿದ ಮೇಲೆ, ಆ ದುಃಖದಲ್ಲೇ ಅದೇ ವರ್ಷದ ಜೂನಿನಲ್ಲಿ ನಾನಾಸಾಹೇಬನೂ ತೀರಿಕೊಂಡನು. ಪೇಶ್ವೆಗಿರಿ ಎರಡನೆಯ ಮಗ, ಹದಿನಾರು ವರ್ಷದ ಮಾಧವರಾಯನಿಗೆ ಬಂದಿತು. ನಾನಾಸಾಹೇಬನ ತಮ್ಮ ರಘುನಾಥರಾವ್, ಅಂದರೆ ರಾಘೋಬಾ ದಾದಾ, ಉತ್ತರದಲ್ಲಿ ಅಟಕಿನ ದಿಕ್ಕಿಗೆ ಮರಾಠರ ದಂಡನ್ನು ನಡೆಸಿ ಹೆಸರು ಪಡೆದಿದ್ದವನು. ಹುಡುಗನೊಬ್ಬನ ಕೈಕೆಳಗೆ ಇರುವುದು ಅವನಿಂದ ಆಗಲಿಲ್ಲ. ಚಿಕ್ಕಪ್ಪ ಮತ್ತು ಅಣ್ಣನ ಮಗನ ನಡುವಿನ ತಿಕ್ಕಾಟ ಬಹಿರಂಗ ಯುದ್ಧಕ್ಕೆ ಮುಟ್ಟಿ, 1768ರಲ್ಲಿ ಧೋಡಪದ ಬಳಿ ಸೋತ ರಾಘೋಬಾನನ್ನು ಮಾಧವರಾಯನು ಶನಿವಾರವಾಡೆಯಲ್ಲೇ ಸೆರೆಯಲ್ಲಿಟ್ಟನು. ಹೀಗೆ ಅಧಿಕಾರ ನಡೆಸುವ ಪೇಶ್ವೆಯೂ ಅಧಿಕಾರ ಬಯಸುವ ಬಂದಿಯೂ ಒಂದೇ ಮನೆಯಲ್ಲಿ, ಕೆಲವೇ ಚೌಕಗಳ ಅಂತರದಲ್ಲಿ ಬದುಕುವ ವ್ಯವಸ್ಥೆ ಆರಂಭವಾಯಿತು. ಮುಂದೆ ನಡೆದ ಅನಾಹುತಕ್ಕೆ ವ್ಯಕ್ತಿಗಳ ದುಷ್ಟತನವೆಷ್ಟು ಕಾರಣವೋ ಈ ವಾಸ್ತುವ್ಯವಸ್ಥೆಯೂ ಅಷ್ಟೇ ಕಾರಣವೆಂದು ಹೇಳಬಹುದು.

ಮಾಧವರಾಯನ ಆಳ್ವಿಕೆಯ ಹನ್ನೊಂದು ವರ್ಷಗಳಲ್ಲಿ ದೊಡ್ಡ ಪಾಲು ಕರ್ನಾಟಕದ ದಂಡಯಾತ್ರೆಗಳಲ್ಲಿ ಕಳೆಯಿತು. ಹೈದರ್ ಅಲಿಯ ಬೆಳವಣಿಗೆಯನ್ನು ತಡೆಯುವುದು ಅವನ ಮುಖ್ಯ ಗುರಿಯಾಗಿತ್ತು. 1770ರ ಬೇಸಗೆಯಲ್ಲಿ ಈಗಿನ ಬೆಂಗಳೂರು-ತುಮಕೂರು ಹೆದ್ದಾರಿಯ ಪಕ್ಕದಲ್ಲಿರುವ ನಿಜಗಲ್ಲು ದುರ್ಗವನ್ನು ಮರಾಠರು ಮುತ್ತಿದಾಗ, ಅಣ್ಣನ ಜೊತೆ ಬಂದಿದ್ದ ಹದಿನಾಲ್ಕು ವರ್ಷದ ನಾರಾಯಣರಾಯನು ಗಾಯಗೊಂಡನು. ಕೊನೆಗೆ ಆ ದುರ್ಗ ಕೈವಶವಾದದ್ದು ಚಿತ್ರದುರ್ಗದ ನಾಯಕನ ಬೇಡರ ಪಡೆಯ ಸಾಹಸದಿಂದ. ಪುಣೆಯ ಪ್ರೇತಕಥೆಯಲ್ಲಿ ಓಡುವ, ಕೂಗುವ, ಸಾಯುವ ಬಾಲಕನಾಗಿ ಮಾತ್ರ ಉಳಿದವನು ಕನ್ನಡನಾಡಿನ ಬಂಡೆಗಳ ನಡುವೆ ಗುಂಡಿನೇಟು ತಿಂದು ಬದುಕಿದವನೆಂಬುದನ್ನು ಇಲ್ಲಿನ ಓದುಗರು ನೆನಪಿಡಬೇಕು. 1771ರ ಮಾರ್ಚಿನಲ್ಲಿ ಮೇಲುಕೋಟೆಯ ಸಮೀಪದ ಚಿನಕುರಳಿಯಲ್ಲಿ ಹೈದರನು ತೀವ್ರವಾಗಿ ಸೋತನು, ಮುಂದಿನ ವರ್ಷ ಮರಾಠರಿಗೆ ಹಣವನ್ನೂ ಸೀಮೆಗಳನ್ನೂ ಒಪ್ಪಿಸಿ ಸಂಧಿ ಮಾಡಿಕೊಂಡನು. ಆದರೆ ಮಾಧವರಾಯನು ಕ್ಷಯರೋಗಕ್ಕೆ ತುತ್ತಾಗಿ 1772ರ ನವೆಂಬರ್ 18ರಂದು ಪುಣೆಯ ಸಮೀಪದ ಥೇವೂರಿನ ಗಣಪತಿ ದೇವಸ್ಥಾನದಲ್ಲಿ ಪ್ರಾಣಬಿಟ್ಟನು. ಸಾಯುವ ಮುನ್ನ ತಮ್ಮನ ಕೈಯನ್ನು ಚಿಕ್ಕಪ್ಪನ ಕೈಯಲ್ಲಿಟ್ಟು ಕಾಪಾಡೆಂದು ಬೇಡಿಕೊಂಡನೆಂದು ಬಖರುಗಳು, ಎಂದರೆ ಮರಾಠಿಯ ಗದ್ಯ ಚರಿತ್ರಕಥನಗಳು, ಹೇಳುತ್ತವೆ.

ನಾರಾಯಣರಾಯನು ಆ ಡಿಸೆಂಬರಿನಲ್ಲಿ ಸಾತಾರೆಗೆ ಹೋಗಿ ಪೇಶ್ವೆಗಿರಿಯ ಉಡುಗೊರೆ ಪಡೆದನು. ಅವನು ಮುಂಗೋಪಿ, ಹಿರಿಯರ ಮಾತಿಗೆ ಬೆಲೆ ಕೊಡದವನು ಎಂಬ ಆಕ್ಷೇಪವಿತ್ತು. ಪ್ರಭು ಸಮುದಾಯದವರು ವೈದಿಕ ಕರ್ಮಗಳನ್ನು ಮಾಡಬಹುದೇ ಎಂಬ ವಿವಾದದಲ್ಲಿ ಅವರ ವಿರುದ್ಧ ನಿಂತು, ಅರಮನೆಯ ಸೇವೆಯಲ್ಲೂ ಲೆಕ್ಕಪತ್ರದಲ್ಲೂ ಪ್ರಬಲರಾಗಿದ್ದವರನ್ನು ಎದುರು ಹಾಕಿಕೊಂಡಿದ್ದನು. 1773ರ ಏಪ್ರಿಲಿನಲ್ಲಿ ಚಿಕ್ಕಪ್ಪನನ್ನು ಮತ್ತೆ ವಾಡೆಯೊಳಗೆ ಕಾವಲಿನಲ್ಲಿಟ್ಟನು. ಐತಿಹ್ಯದ ಅಸಹಾಯ ಬಾಲಕನಿಗೂ ಈ ದಾಖಲೆಯ ಯುವಕನಿಗೂ ವ್ಯತ್ಯಾಸವಿದೆ. ಆದರೂ ಒಂಬತ್ತು ತಿಂಗಳ ಅಧಿಕಾರದ ದುಡುಕುಗಳಿಗೆ ಮರಣವೇ ಶಿಕ್ಷೆಯಾಗಬೇಕಿತ್ತೆಂದು ಅಂದಿನ ವಿರೋಧಿಗಳೂ ಹೇಳಲಿಲ್ಲ.

ವಾಡೆಯ ಪಹರೆಗೆ ನಿಂತಿದ್ದವರು ಗಾರ್ದಿಗಳು. ಐರೋಪ್ಯ ಮಾದರಿಯ ಕವಾಯತು ಕಲಿತು, ಬಂದೂಕು ಹಿಡಿದು, ತಿಂಗಳ ಸಂಬಳಕ್ಕೆ ದುಡಿಯುವ ಕಾಲ್ದಳದವರಿಗೆ ಆ ಹೆಸರು. ಪಾಣಿಪತದಲ್ಲಿ ಮರಾಠರ ಪರವಾಗಿ ಹೋರಾಡಿದ ಇಬ್ರಾಹಿಂ ಖಾನ್ ಗಾರ್ದಿಯ ಹೆಸರಿನಲ್ಲಿಯೂ ಅದು ಸೇರಿದೆ. ಅವರಿಗೆ ರಾಜನಿಷ್ಠೆಗಿಂತ ಸಂಬಳದ ನಂಟು ದೊಡ್ಡದು, ಆ ಸಂಬಳವೋ ಬಾಕಿ ಉಳಿದಿತ್ತು. ಸುಮೇರಸಿಂಗ, ಖಡಗಸಿಂಗ, ಮಹಮ್ಮದ್ ಯೂಸುಫ್ ಎಂಬ ಗಾರ್ದಿ ನಾಯಕರನ್ನು ರಾಘೋಬಾನ ಸೇವಕ ತುಳಾಜಿ ಪವಾರನು ಒಳಗೆ ಹಾಕಿಕೊಂಡನು. ಹಣದ ಮತ್ತು ಕೋಟೆಗಳ ಆಮಿಷ ಒಡ್ಡಲಾಯಿತು. ಪೇಶ್ವೆಯನ್ನು ಸೆರೆಹಿಡಿದು ರಾಘೋಬಾನನ್ನು ಗದ್ದುಗೆಗೆ ತರುವುದು ಹೊರಗೆ ತೋರಿಸಿದ ಯೋಜನೆ.

ಆಗಸ್ಟ್ 30, ಸೋಮವಾರ, ಭಾದ್ರಪದ ಶುದ್ಧ ತ್ರಯೋದಶಿ. ಗಣೇಶೋತ್ಸವ ಮುಗಿಯಲು ಒಂದೇ ದಿನ ಉಳಿದಿತ್ತು. ಮರುದಿನ ಅನಂತ ಚತುರ್ದಶಿ. ಬೆಳಗ್ಗೆ ನಾರಾಯಣರಾಯನು ಪರ್ವತಿ ಬೆಟ್ಟದ ದೇವಸ್ಥಾನಕ್ಕೆ ಹೋಗಿ ಬಂದನು. ಗಾರ್ದಿಗಳಲ್ಲಿ ಏನೋ ಸಂಚು ನಡೆಯುತ್ತಿದೆಯೆಂಬ ಎಚ್ಚರಿಕೆ ಸರದಾರ ರಘೂಜಿ ಆಂಗ್ರೆಯಿಂದ ಆ ದಿನವೇ ಅವನ ಕಿವಿಗೆ ಬಿದ್ದಿತ್ತು. ಕೂಡಲೇ ವಿಚಾರಿಸಿ ಬಂದೋಬಸ್ತು ಮಾಡುವಂತೆ ಅವನು ತನ್ನ ಅಧಿಕಾರಿ ಹರಿಪಂತ ಫಡಕೆಗೆ ಹೇಳಿದನು. ಹರಿಪಂತನು ಮೊದಲೇ ಒಪ್ಪಿಕೊಂಡಿದ್ದ ಊಟಕ್ಕೆ ಹೋಗಿ, ಆ ಕೆಲಸವನ್ನು ಆಮೇಲೆ ಮಾಡಿದರಾಯಿತೆಂದುಕೊಂಡನು. ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿಗೆ ಗಾರ್ದಿಗಳು ಸಂಬಳದ ಬಾಕಿಯ ಗಲಾಟೆ ಎಬ್ಬಿಸಿ, ದುರಸ್ತಿಯಲ್ಲಿದ್ದ ಬಾಗಿಲ ಕಡೆಯಿಂದ ನುಗ್ಗಿ, ಅಡ್ಡಬಂದ ಕಾರಕೂನರನ್ನೂ ಸೇವಕರನ್ನೂ ಕಡಿದು, ಒಳಗಿನಿಂದ ಬಾಗಿಲುಗಳನ್ನು ಭದ್ರಪಡಿಸಿದರು. ಅರಮನೆಯ ರಕ್ಷಣೆಗೆಂದು ಕಟ್ಟಿದ ಗೋಡೆಗಳು ಆ ಕ್ಷಣದಿಂದ ಹೊರಗಿನ ಸಹಾಯವನ್ನು ತಡೆಯುವ ಗೋಡೆಗಳಾದವು.

ಎಚ್ಚೆತ್ತ ನಾರಾಯಣರಾಯನು ಹಿಂಬದಿಯ ದಾರಿಯಿಂದ, ಪಾಣಿಪತದಲ್ಲಿ ಅಳಿದ ಸದಾಶಿವರಾವ್ ಭಾವೂನ ಹೆಂಡತಿ ಪಾರ್ವತೀಬಾಯಿಯ ಕೋಣೆಗೆ ಓಡಿದನೆಂದೂ, ಆಕೆ ಚಿಕ್ಕಪ್ಪನ ಬಳಿಗೇ ಹೋಗೆಂದು ಹೇಳಿದಳೆಂದೂ ಕಥನಗಳಿವೆ. ಆ ಸಲಹೆ ಅರ್ಥಹೀನವೇನಲ್ಲ: ದಂಗೆಕೋರರು ಯಾರ ಹೆಸರಿನಲ್ಲಿ ಬಂದಿದ್ದರೋ ಅವನ ಮಾತನ್ನಲ್ಲದೆ ಬೇರೆ ಯಾರ ಮಾತನ್ನೂ ಅವರು ಕೇಳುವಂತಿರಲಿಲ್ಲ. ಪೂಜೆಯಲ್ಲಿದ್ದ ರಾಘೋಬಾನನ್ನು ಅಪ್ಪಿಕೊಂಡು ಅವನು ಜೀವದಾನ ಬೇಡಿದನು. ಐತಿಹ್ಯದ ಕೂಗು ಹುಟ್ಟಿದ್ದು ಈ ಗಳಿಗೆಯಲ್ಲಿ. ರಾಘೋಬಾನು ತಡೆಯಲು ಯತ್ನಿಸಿದನೆಂದು ಕೆಲವರೂ ಸುಮ್ಮನಿದ್ದನೆಂದು ಕೆಲವರೂ ಬರೆದಿದ್ದಾರೆ. ತುಳಾಜಿ ಪವಾರನು ಯುವಕನನ್ನು ಕಾಲು ಹಿಡಿದು ಎಳೆದನು, ಸುಮೇರಸಿಂಗನು ಕತ್ತಿ ಬೀಸಿದನು. ಚಾಪಾಜಿ ಟಿಳೇಕರನೆಂಬ ಸೇವಕನು ಒಡೆಯನ ಮೈಮೇಲೆ ಅಡ್ಡಬಿದ್ದು, ಅವನೊಡನೆಯೇ ಕೊಲೆಯಾದನು. ಆ ಮಧ್ಯಾಹ್ನ ವಾಡೆಯೊಳಗೆ ಸತ್ತವರು ಹನ್ನೊಂದು ಮಂದಿ: ಏಳು ಜನ ಬ್ರಾಹ್ಮಣರು, ಇಬ್ಬರು ಮರಾಠಾ ಸೇವಕರು, ಇಬ್ಬರು ದಾಸಿಯರು, ಒಂದು ಹಸುವೂ ಸತ್ತಿತು. ಅರ್ಧ ಗಂಟೆಯಷ್ಟರಲ್ಲಿ ಎಲ್ಲವೂ ಮುಗಿಯಿತು. ಪೇಶ್ವೆಯ ದೇಹವನ್ನು ತುಂಡುಗಳಾಗಿ ಗಡಿಗೆಯಲ್ಲಿ ತುಂಬಿ ನದಿಗೆ ಎಸೆದರೆಂದು ಪ್ರೇತಕಥೆ ಹೇಳುವುದುಂಟು. ವಾಸ್ತವದಲ್ಲಿ ಆ ರಾತ್ರಿ ಮುಠಾ ನದಿಯ ದಡದಲ್ಲಿ ಗುಟ್ಟಾಗಿ ದಹನ ನಡೆಯಿತು. ದೇಹವನ್ನು ಹೊರತಂದ ದಕ್ಷಿಣದ ಬಾಗಿಲಿಗೆ ನಾರಾಯಣ ದರವಾಜೆ ಎಂಬ ಹೆಸರು ನಿಂತಿತು.

ಕೊಲೆಗಡುಕರ ಯಜಮಾನನೇ ರಾಜ್ಯದ ಯಜಮಾನನಾದಾಗ ನ್ಯಾಯ ಕೇಳುವವರಾರು? ಕೇಳಿದವನು ರಾಮಶಾಸ್ತ್ರಿ ಪ್ರಭುಣೆ. ಸಾತಾರೆಯ ಬಳಿಯ ಮಾಹುಲಿಯವನಾದ ಆತ ಮಾಧವರಾಯನ ಕಾಲದಿಂದ ಪುಣೆಯ ಮುಖ್ಯ ನ್ಯಾಯಾಧೀಶನಾಗಿದ್ದನು. ವಿಚಾರಣೆ ನಡೆಸಿ, ಅಪರಾಧದ ಮೂಲ ರಾಘೋಬಾನೇ ಎಂದು ಕಂಡು, ಪ್ರಾಯಶ್ಚಿತ್ತವೇನೆಂದು ಕೇಳಿದ ಅವನಿಗೆ ದೇಹಾಂತವೊಂದೇ ಪ್ರಾಯಶ್ಚಿತ್ತವೆಂದು ಎದುರಿಗೇ ಹೇಳಿ, ಇಂಥವನ ಆಡಳಿತದಲ್ಲಿ ತಾನು ಪುಣೆಯಲ್ಲಿರಲಾರೆನೆಂದು ವಾಯಿಯ ಬಳಿಯ ಹಳ್ಳಿಗೆ ಹೊರಟುಹೋದನು. ಆ ಶತಮಾನದ ಭಾರತದಲ್ಲಿ ನ್ಯಾಯಾಧೀಶನೊಬ್ಬ ಅಧಿಕಾರದ ಮುಖಕ್ಕೆ ಮುಖ ಕೊಟ್ಟು ಹೀಗೆ ತೀರ್ಪು ನುಡಿದ ಇನ್ನೊಂದು ನಿದರ್ಶನವನ್ನು ಹುಡುಕುವುದು ಸುಲಭವಲ್ಲ. ರಾಘೋಬಾನ ಪತನದ ನಂತರ ರಾಮಶಾಸ್ತ್ರಿ ತನ್ನ ಪದವಿಗೆ ಮರಳಿ, 1789ರಲ್ಲಿ ತೀರಿಕೊಳ್ಳುವವರೆಗೂ ಸೇವೆ ಸಲ್ಲಿಸಿದನು.

ವಿಚಾರಣೆಯ ಸುತ್ತ ಬೆಳೆದ ಒಂದು ಕಥೆ ಮಾತ್ರ ನ್ಯಾಯಾಧೀಶನ ಕೀರ್ತಿಗಿಂತ ದೂರಕ್ಕೆ ಹಬ್ಬಿದೆ. ಗಾರ್ದಿಗಳಿಗೆ ರಾಘೋಬಾನು ಕೊಟ್ಟ ಆಜ್ಞಾಪತ್ರದಲ್ಲಿ ಪೇಶ್ವೆಯನ್ನು ‘ಧರಾವೆ’, ಅಂದರೆ ಹಿಡಿಯಬೇಕು, ಎಂದಿತ್ತು. ಅವನ ಹೆಂಡತಿ ಆನಂದೀಬಾಯಿ ಮೊದಲ ಅಕ್ಷರವನ್ನು ತಿದ್ದಿ ‘ಮಾರಾವೆ’, ಅಂದರೆ ಕೊಲ್ಲಬೇಕು, ಎಂದು ಮಾಡಿದಳು ಎಂಬುದೇ ಆ ಕಥೆ. ‘ಧ’ವನ್ನು ‘ಮಾ’ ಮಾಡುವುದೆಂಬ ನುಡಿಗಟ್ಟು ಮರಾಠಿಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಸಾತಾರೆಯಲ್ಲಿ ಇಂಗ್ಲಿಷರ ಪ್ರತಿನಿಧಿಯಾಗಿದ್ದ ಜೇಮ್ಸ್ ಗ್ರಾಂಟ್ ಡಫ್ 1826ರಲ್ಲಿ ಪ್ರಕಟಿಸಿದ ಮರಾಠರ ಚರಿತ್ರೆಯಲ್ಲಿ ಈ ಸಂಗತಿ ಸೇರಿ, ಅಲ್ಲಿಂದ ಪಠ್ಯಪುಸ್ತಕಗಳಿಗೂ ರಂಗಭೂಮಿಗೂ ಹರಿಯಿತು. ಆದರೆ ಅಷ್ಟರಲ್ಲಿ ಕೊಲೆ ನಡೆದು ಅರ್ಧ ಶತಮಾನ ಕಳೆದಿತ್ತು. ಕಥೆಯನ್ನು ಪರಿಶೀಲಿಸಿದರೆ ಅದರಿಂದ ಲಾಭ ಯಾರಿಗಾಯಿತೆಂಬುದು ಸ್ಪಷ್ಟವಾಗುತ್ತದೆ. ಸೆರೆಹಿಡಿಯುವ ಆಜ್ಞೆಯನ್ನಷ್ಟೇ ಕೊಟ್ಟ ರಾಘೋಬಾನು ಮಹತ್ವಾಕಾಂಕ್ಷಿಯಾದ ಆದರೆ ಕೊಲೆಗಾರನಲ್ಲದ ಮನುಷ್ಯನಾಗಿ ಉಳಿಯುತ್ತಾನೆ, ರಕ್ತದ ಹೊಣೆಯೆಲ್ಲ ಲೇಖನಿ ಹಿಡಿದ ಹೆಂಗಸಿನ ಮೇಲೆ ಬೀಳುತ್ತದೆ. ಬಂದೂಕು, ಕತ್ತಿ ಹಿಡಿದ ಗಾರ್ದಿಗಳನ್ನು ಅರಮನೆಗೆ ನುಗ್ಗಿಸಿದ ಮೇಲೆ ಒಂದು ಅಕ್ಷರದ ಅಂತರದಲ್ಲಿ ಜೀವ ಉಳಿಯುತ್ತಿತ್ತೆಂದು ನಂಬುವುದು ಕಷ್ಟ. ಆನಂದೀಬಾಯಿಗೆ ಮರಾಠಿ ಮನಸ್ಸಿನಲ್ಲಿ ದೊರೆತ ಖಳನಾಯಕಿಯ ಪಾತ್ರ ಆಕೆಯ ವಿರುದ್ಧದ ಸಾಕ್ಷ್ಯಕ್ಕೆ ಮೀರಿದ್ದು. ಆಕೆಗೆ ಅನ್ಯಾಯವಾಗಿದೆಯೆಂದೇ ಹೇಳಬೇಕು.

ಗದ್ದುಗೆ ರಾಘೋಬಾನಿಗೆ ದಕ್ಕಿತು, ಆದರೆ ನಿಲ್ಲಲಿಲ್ಲ. ನಾರಾಯಣರಾಯನ ಹೆಂಡತಿ ಗಂಗಾಬಾಯಿ ಗರ್ಭಿಣಿಯಾಗಿದ್ದಳು. ರಾಘೋಬಾನು ನಿಜಾಮ ಮತ್ತು ಹೈದರರ ಮೇಲೆ ದಂಡೆತ್ತಿ ಹೊರಟಿದ್ದಾಗ ಸಖಾರಾಂ ಬಾಪು, ನಾನಾ ಫಡ್ನವೀಸ, ಹರಿಪಂತ ಫಡಕೆ ಮೊದಲಾದ ದರ್ಬಾರಿನ ಮುಖಂಡರು ಸೇರಿ ಬಾರಾಭಾಯಿ, ಅಂದರೆ ಹನ್ನೆರಡು ಸೋದರರು, ಎಂಬ ಕೂಟ ಕಟ್ಟಿ ಆಕೆಯನ್ನು ಪುರಂದರ ಕೋಟೆಗೆ ಸಾಗಿಸಿದರು. ಊಟದ ಆಮಂತ್ರಣಕ್ಕಾಗಿ ತಡಮಾಡಿದ್ದ ಹರಿಪಂತನು ಈ ಕೂಟದಲ್ಲಿ ಅತ್ಯಂತ ಛಲದಿಂದ ದುಡಿದು, ರಾಘೋಬಾನ ಬೆನ್ನಟ್ಟಿದ ಸೇನಾಪತಿಯಾದನು. 1774ರ ಏಪ್ರಿಲ್ 18ರಂದು ಹುಟ್ಟಿದ ಗಂಡುಮಗು ಸವಾಯಿ ಮಾಧವರಾಯನೆಂಬ ಹೆಸರಿನಿಂದ ನಲವತ್ತು ದಿನದ ವಯಸ್ಸಿಗೇ ಪೇಶ್ವೆಯಾಯಿತು. ನೆಲೆ ತಪ್ಪಿದ ರಾಘೋಬಾನು ಮುಂಬಯಿಯ ಇಂಗ್ಲಿಷರ ಮೊರೆಹೊಕ್ಕು, ಸಾಷ್ಟಿ ಮತ್ತು ವಸಯಿಯನ್ನು ಬಿಟ್ಟುಕೊಡುವ ಮಾತಿನ ಮೇಲೆ 1775ರ ಮಾರ್ಚಿನಲ್ಲಿ ಸೂರತ್ ಸಂಧಿಗೆ ಸಹಿ ಹಾಕಿದನು. ಅದರಿಂದ ಹುಟ್ಟಿದ ಮೊದಲನೆಯ ಇಂಗ್ಲಿಷ್-ಮರಾಠಾ ಯುದ್ಧ ಪುರಂದರ, ವಡಗಾವ್‌ಗಳ ಒಪ್ಪಂದಗಳನ್ನು ಹಾದು 1782ರ ಸಾಲ್ಬಾಯಿ ಸಂಧಿಯವರೆಗೆ ಎಳೆಯಿತು. ಮರುವರ್ಷ ರಾಘೋಬಾನು ಕೋಪರಗಾವ್‌ನಲ್ಲಿ ಸತ್ತನು.

ಕರ್ನಾಟಕದಲ್ಲಿ ಈ ಕೊಲೆಯ ಫಲವುಂಡವನು ಹೈದರ್ ಅಲಿ. ಪುಣೆಯ ಗೊಂದಲದ ಸುದ್ದಿ ತಲುಪಿದ ತಿಂಗಳುಗಳಲ್ಲೇ ಅವನು ಕೊಡಗನ್ನು ವಶಪಡಿಸಿಕೊಂಡನು. ಮಾಧವರಾಯನಿಗೆ ಬಿಟ್ಟುಕೊಟ್ಟಿದ್ದ ಸಿರಾ, ಮಧುಗಿರಿ ಮೊದಲಾದ ಸೀಮೆಗಳನ್ನು ಮರಳಿ ಪಡೆದನು. ಮಿತ್ರರಿಗಾಗಿ ಹಂಬಲಿಸುತ್ತಿದ್ದ ರಾಘೋಬಾನು ಕಲ್ಯಾಣದುರ್ಗದ ಬಳಿ ಅವನೊಡನೆ ಒಪ್ಪಂದ ಮಾಡಿಕೊಂಡು, ತನ್ನನ್ನು ಪೇಶ್ವೆಯೆಂದು ಮನ್ನಿಸಿದ್ದಕ್ಕೆ ಪ್ರತಿಯಾಗಿ ಅವನ ಗಳಿಕೆಯನ್ನು ಒಪ್ಪಿದನು. 1776ರಲ್ಲಿ ಮರಾಠಾ ಸರದಾರ ಮುರಾರಿರಾವ್ ಘೋರ್ಪಡೆಯ ಗುತ್ತಿ ಕೋಟೆ ಹೈದರನಿಗೆ ಬಿದ್ದಿತು. 1779ರಲ್ಲಿ ಚಿತ್ರದುರ್ಗವೂ ಬಿದ್ದು, ನಿಜಗಲ್ಲಿನಲ್ಲಿ ಪೇಶ್ವೆಗೆ ನೆರವಾಗಿದ್ದ ನಾಯಕರ ಆಳ್ವಿಕೆ ಕೊನೆಗೊಂಡಿತು. ಕೃಷ್ಣೆಯ ದಕ್ಷಿಣದ ನಾಡೆಲ್ಲ ಶ್ರೀರಂಗಪಟ್ಟಣದ ಅಧೀನಕ್ಕೆ ಬಂದುದನ್ನು 1780ರಲ್ಲಿ ಪುಣೆಯ ಆಡಳಿತವೇ ಒಪ್ಪಿಕೊಳ್ಳಬೇಕಾಯಿತು. ಚಿನಕುರಳಿಯಲ್ಲಿ ನೆಲಕಚ್ಚಿದ್ದ ಅರಸೊತ್ತಿಗೆ ಹತ್ತು ವರ್ಷ ತುಂಬುವ ಮೊದಲೇ ದಕ್ಷಿಣದ ದೊಡ್ಡ ಶಕ್ತಿಯಾಗಿ ನಿಂತದ್ದಕ್ಕೆ ಹೈದರನ ಸಾಮರ್ಥ್ಯವು ಕಾರಣವಾದಂತೆ ಶನಿವಾರವಾಡೆಯ ಆ ಮಧ್ಯಾಹ್ನವೂ ಕಾರಣ. ಕೊಲೆಗಾರರಲ್ಲಿ ಖಡಗಸಿಂಗ ಮತ್ತು ತುಳಾಜಿ ಪವಾರರು ಆಶ್ರಯ ಹುಡುಕಿ ಹೋದದ್ದೂ ಹೈದರನ ಬಳಿಗೇ. ಪುಣೆಯೊಡನೆ ಸ್ನೇಹ ಬೆಳೆದಾಗ ಹೈದರನು ಅವರನ್ನು ಒಪ್ಪಿಸಿಬಿಟ್ಟನು, ಅವರಿಗೆ ಮರಣದಂಡನೆಯಾಯಿತು. ಮಹಮ್ಮದ್ ಯೂಸುಫ್‌ನನ್ನು ಅದಕ್ಕೂ ಮೊದಲೇ ಹಿಡಿದು ಕೊಲ್ಲಲಾಗಿತ್ತು.

ವಾಡೆಯ ದುರ್ಮರಣಗಳು ಅಲ್ಲಿಗೆ ಮುಗಿಯಲಿಲ್ಲ. ನಾನಾ ಫಡ್ನವೀಸನ ಬಿಗಿಯಾದ ಕಣ್ಗಾವಲಿನಲ್ಲಿ ಬೆಳೆದ ಸವಾಯಿ ಮಾಧವರಾಯನು 1795ರ ಅಕ್ಟೋಬರ್ 25ರಂದು ಮೇಲಿನ ಮಹಡಿಯಿಂದ ಕೆಳಗಿನ ಕಾರಂಜಿಯ ಮೇಲೆ ಬಿದ್ದು, ಎರಡು ದಿನಗಳ ನಂತರ ಸತ್ತನು. ಅವನಿಗೆ ಇಪ್ಪತ್ತೊಂದು ವರ್ಷ. ಅದು ಆತ್ಮಹತ್ಯೆಯೋ ಜ್ವರದ ಸನ್ನಿಯಲ್ಲಿ ಆದ ಅಪಘಾತವೋ ಎಂಬ ಚರ್ಚೆ ನಿಂತಿಲ್ಲ. ತಂದೆ ಕತ್ತಿಗೆ, ಮಗ ಕಾರಂಜಿಗೆ ಒಂದೇ ಮನೆಯಲ್ಲಿ ಬಲಿಯಾದ ಮೇಲೆ ಆ ಮನೆಗೆ ಶಾಪ ತಟ್ಟಿದೆಯೆಂದು ಜನ ಆಡಿಕೊಂಡದ್ದು ಆಶ್ಚರ್ಯವಲ್ಲ. ಮುಂದೆ ಗದ್ದುಗೆ ಏರಿದವನು ಎರಡನೆಯ ಬಾಜೀರಾಯ, ರಾಘೋಬಾ ಮತ್ತು ಆನಂದೀಬಾಯಿಯರ ಮಗ.

ಪ್ರೇತಕಥೆಯ ಹಳೆಯ ರೂಪ ಕಾಣಸಿಗುವುದು ಈ ಬಾಜೀರಾಯನ ಸುತ್ತ. ತಂದೆತಾಯಿಗಳ ಪಾಪಕ್ಕಾಗಿ ನಾರಾಯಣರಾಯನ ಪ್ರೇತವು ತನ್ನನ್ನು ಕಾಡುತ್ತಿದೆಯೆಂದು ಅವನು ನಂಬಿದ್ದನೆಂದೂ, ಅದರ ಶಾಂತಿಗಾಗಿ ಪಂಢರಪುರದ ಯಾತ್ರೆಗಳನ್ನು ತಪ್ಪದೆ ಮಾಡುತ್ತ, ಬ್ರಾಹ್ಮಣರಿಗೂ ದೇವಸ್ಥಾನಗಳಿಗೂ ದಾನ ಸುರಿಯುತ್ತ, ಪುಣೆಯ ಸುತ್ತ ಲಕ್ಷಗಟ್ಟಲೆ ಮಾವಿನ ಗಿಡಗಳನ್ನು ನೆಡಿಸಿದನೆಂದೂ 19ನೆಯ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ದಾಖಲಾಗಿದೆ. ಇದು ಗಮನಿಸಬೇಕಾದ ಸಂಗತಿ. ಪ್ರೇತವು ಮೊದಲು ಕಾಣಿಸಿಕೊಂಡದ್ದು ಬೀದಿಯ ಜನರಿಗಲ್ಲ, ಕೊಲೆಯಿಂದ ಗದ್ದುಗೆ ಪಡೆದ ವಂಶದ ಕೊನೆಯ ಅಧಿಕಾರಿಗೆ. ರಾಮಶಾಸ್ತ್ರಿಯ ತೀರ್ಪು ಜಾರಿಯಾಗದೆ ಉಳಿದ ಸಾಲವನ್ನು ಮಗನು ಮಾವಿನ ತೋಪುಗಳಲ್ಲಿ ತೀರಿಸಲು ಹೊರಟನೆಂದು ಈ ಬರಹಗಳಿಂದ ತಿಳಿಯಬಹುದು.

ಶಾಸ್ತ್ರದ ಹಿನ್ನೆಲೆಯೂ ಈ ನಂಬಿಕೆಗೆ ಬಲ ಕೊಟ್ಟಿತು. ಆಯುಷ್ಯ ತೀರದೆ ಆಯುಧದಿಂದ ಸತ್ತವನಿಗೆ ಸಾಮಾನ್ಯ ಶ್ರಾದ್ಧದಿಂದ ಸದ್ಗತಿಯಿಲ್ಲವೆಂದು ನಾರಾಯಣಬಲಿಯಂತಹ ವಿಶೇಷ ಕರ್ಮಗಳನ್ನು ಧರ್ಮಶಾಸ್ತ್ರ ವಿಧಿಸುತ್ತದೆ. ಕೊಲೆಯಾದ ತ್ರಯೋದಶಿಯ ಎರಡು ದಿನಗಳ ನಂತರವೇ ಹುಣ್ಣಿಮೆ. ಅದರ ಬೆನ್ನಿಗೇ ಸತ್ತವರಿಗೆ ಪಿಂಡವಿಡುವ ಪಿತೃಪಕ್ಷ. ಆ ಪಕ್ಷದ ಹದಿನಾಲ್ಕನೆಯ ದಿನ ಶಸ್ತ್ರದಿಂದ ಹತರಾದವರಿಗೆಂದೇ ಮೀಸಲಾದ ಘಾತಚತುರ್ದಶಿ. ಕೂಗು ಹುಣ್ಣಿಮೆಯಂದು ಕೇಳಿಸುತ್ತದೆಂಬ ನಂಬಿಕೆಯ ಹಿಂದೆ ಪಂಚಾಂಗದ ಈ ಹೊಂದಿಕೆ ಇರಬಹುದೆಂದು ಊಹಿಸಲು ಅವಕಾಶವಿದೆ. ಗಣಪತಿಯನ್ನು ಕಳುಹಿಸಿದ ಮರುದಿನಗಳಲ್ಲಿ ಸತ್ತವರನ್ನು ನೆನೆಯುವ ಊರು ತನ್ನ ಅತ್ಯಂತ ಪ್ರಸಿದ್ಧವಾದ ಕೊಲೆಯನ್ನು ಪ್ರತಿವರ್ಷ ಅದೇ ವಾರದಲ್ಲಿ ನೆನೆಯುವುದು ಸಹಜವೇ ಆಗಿತ್ತು.

ಆ ನೆನಪನ್ನು ಬೀದಿಗೂ ಹಳ್ಳಿಗೂ ಒಯ್ದದ್ದು ರಂಗಭೂಮಿ. ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರ ‘ಭಾವೂಬಂದಕಿ’ ನಾಟಕ 1909ರಲ್ಲಿ ಬಂದಿತು. ಮನೆಯೊಳಗಿನ ದಾಯಾದಿ ಕಲಹ ರಾಜ್ಯವನ್ನು ಪರರಿಗೆ ಒಪ್ಪಿಸುವ ಕಥೆಯನ್ನು ಇಂಗ್ಲಿಷ್ ಆಳ್ವಿಕೆಯ ಪ್ರೇಕ್ಷಕರು ಬರಿಯ ಹಳೆಯ ಕಥೆಯೆಂದು ನೋಡಲಿಲ್ಲ. 1944ರಲ್ಲಿ ಪುಣೆಯ ಪ್ರಭಾತ್ ಕಂಪನಿ ‘ರಾಮಶಾಸ್ತ್ರಿ’ ಚಿತ್ರವನ್ನು ತೆರೆಗೆ ತಂದಿತು. ಮರಾಠಿ ನಾಟಕ ಮಂಡಳಿಗಳ ಬಿಡಾರಗಳನ್ನು ಕಂಡಿದ್ದ ಬೆಳಗಾವಿ, ಧಾರವಾಡದ ಕಡೆಯ ಕನ್ನಡಿಗರಿಗೂ ಈ ಪಾತ್ರಗಳು ಪರಿಚಿತವಾದವು. ಚಿಕ್ಕಪ್ಪನನ್ನು ಕಾಕಾ ಎಂದೇ ಕರೆಯುವ ಆ ಭಾಗದ ಮನೆಗಳಲ್ಲಿ ಆ ಕೂಗಿಗೆ ಅನುವಾದ ಬೇಕಿರಲಿಲ್ಲ.

ಕಟ್ಟಡದ ಗತಿ ಬೇಗನೆ ಹೇಳಿ ಮುಗಿಸುವಂತಹುದು. ಖಡಕಿಯಲ್ಲಿ ಸೋತ ಬಾಜೀರಾಯನು ಪುಣೆಯನ್ನು ಬಿಟ್ಟು ಓಡಿದ ಮೇಲೆ, 1817ರ ನವೆಂಬರ್ 17ರಂದು ಬಾಳಾಜಿಪಂತ ನಾತೂ ಎಂಬವನು ವಾಡೆಯ ಮೇಲೆ ಇಂಗ್ಲಿಷರ ಬಾವುಟ ಏರಿಸಿದನು. ಮರುವರ್ಷ ಬಾಜೀರಾಯನು ಶರಣಾಗಿ, ವಿಶ್ರಾಂತಿವೇತನ ಪಡೆದು, ಕಾನಪುರದ ಬಳಿಯ ಬಿಠೂರಿಗೆ ಹೋದನು. ದರ್ಬಾರು ನಡೆದಿದ್ದ ಮಹಡಿಗಳು ಕಂಪನಿಯ ಕಾಲದಲ್ಲಿ ಸೆರೆಮನೆಗೂ ಆಸ್ಪತ್ರೆಗೂ ಬಳಕೆಯಾದವು. ಮೊದಲೂ ಹಲವು ಸಲ ಬೆಂಕಿಗೆ ಸಿಕ್ಕಿದ್ದ ತೇಗದ ಆ ಮನೆ 1828ರ ಫೆಬ್ರವರಿ 27ರಂದು ಹೊತ್ತಿಕೊಂಡ ಬೆಂಕಿಯಲ್ಲಿ ಏಳು ದಿನ ಉರಿದು ಬೂದಿಯಾಯಿತು. ಬೆಂಕಿಯ ಕಾರಣ ಗೊತ್ತಾಗಲಿಲ್ಲ, ಐತಿಹ್ಯಕ್ಕೆ ಗೊತ್ತಿತ್ತು. ಆಮೇಲೆ ಆವರಣದೊಳಗೆ ಎದ್ದ ಸರ್ಕಾರಿ ಕಟ್ಟಡಗಳನ್ನು ತೆಗೆಸಿ, 1919ರಲ್ಲಿ ವಾಡೆಯನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿ, 1923ರವರೆಗೆ ಉತ್ಖನನ ನಡೆಸಿದಾಗ ಮಹಲುಗಳ ತಳಪಾಯ, ನೀರಿನ ತೊಟ್ಟಿ, ಕಾಲುವೆಗಳು, ತಾವರೆಯಾಕಾರದ ಹಜಾರಿ ಕಾರಂಜಿಯ ಕುರುಹುಗಳು ಹೊರಬಂದವು.

ಈಗ ದಿಲ್ಲಿ ದರವಾಜೆಯ ಮೂಲಕ ಒಳಗೆ ಬಂದವರಿಗೆ ಕಾ‌ಣುವುದು ಹುಲ್ಲುಹಾಸು ಮತ್ತು ಕಲ್ಲಿನ ಜಗಲಿಗಳು. ಕೊಲೆ ನಡೆದ ಕೋಣೆಗಳು ಮರದ ಮಹಡಿಗಳೊಡನೆ ಉರಿದುಹೋದುದರಿಂದ, ಮಾರ್ಗದರ್ಶಿಗಳು ಬೆರಳು ಮಾಡಿ ತೋರಿಸುವ ಜಾಗ ಸುಮಾರಿನದು. ಅವರ ಕಥೆಯಲ್ಲಿ ನಾರಾಯಣರಾಯ, ಕಾಕಾ, ಆನಂದೀಬಾಯಿ, ಸುಮೇರಸಿಂಗ ಬರುತ್ತಾರೆ. ಒಡೆಯನ ಮೇಲೆ ಅಡ್ಡಬಿದ್ದ ಚಾಪಾಜಿ ಟಿಳೇಕರನ ಹೆಸರು ಅಪರೂಪಕ್ಕೆ ಬರುತ್ತದೆ, ಆ ಇಬ್ಬರು ದಾಸಿಯರ ಪ್ರಸ್ತಾಪ ಬರುವುದೇ ಇಲ್ಲ. ಅದೇ ಮಧ್ಯಾಹ್ನ, ಅದೇ ಕತ್ತಿಗಳಿಂದ ಸತ್ತ ಹತ್ತು ಮಂದಿಗೆ ಪ್ರೇತವಾಗುವ ಅಧಿಕಾರವನ್ನು ಐತಿಹ್ಯ ಕೊಡಲಿಲ್ಲ.